ಮೂವತ್ತೊಂದನೆಯ ಕಂತು

ಪುಸ್ತಕಗಳನ್ನೂ ಪಂಕ್ತಿಯಲ್ಲಿ ಕೂರಿಸಿ, ಕೆಲವಕ್ಕೆ ಎಲೆ ಹಾಕಿ ಉಳಿದವನ್ನು ಹೊಸ್ತಿಲಾಚೆ ನಿಲ್ಲಿಸುವ ಕೆಟ್ಟ ಬುದ್ಧಿ ನನಗೆ ಬಹಳ ವರ್ಷ ಇತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರಿಗೆ ಈ ಕಾಯಿಲೆ ಸೀಮೆಸುಣ್ಣದ ಪುಡಿಯ ಜೊತೆಗೇ ಮೂಗಿಗೆ ಹೋಗುತ್ತದೆಂದು ಕಾಣುತ್ತದೆ. ಕೊಟ್ಟೂರಿನ ನಮ್ಮ ಬಾಡಿಗೆ ಮನೆಯಲ್ಲಿ ಗಾಜಿನ ಬಾಗಿಲಿನ ಬೀರು ಒಂದಿತ್ತು. ಕಾವ್ಯಮೀಮಾಂಸೆ, ವಿಮರ್ಶೆ, ಹಳಗನ್ನಡದ ದಪ್ಪ ಸಂಪುಟಗಳು ಅದರೊಳಗೆ ಬೆನ್ನು ತೋರಿಸಿಕೊಂಡು ನಿಂತಿದ್ದವು. ಬಂದವರೆಲ್ಲ ಬೀರುವನ್ನು ನೋಡಿ ನನ್ನ ಮುಖವನ್ನು ನೋಡುತ್ತಿದ್ದರು, ನಾನು ಗಂಭೀರವಾಗಿ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ. ಒಮ್ಮೆ ಅದರ ಬೀಗದ ಕೈ ಕಳೆದುಹೋಯಿತು. ಆರು ತಿಂಗಳು ಮನೆಯಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆಗಲಿಲ್ಲ.

ನನ್ನ ಹೆಂಡತಿ ಗಿರಿಜಾಳ ಓದಿಗೆ ಬೀರು ಇರಲಿಲ್ಲ. ಅದು ಹಿಟ್ಟಿನ ಡಬ್ಬಿಯ ಮಗ್ಗುಲಲ್ಲಿ, ದಿಂಬಿನ ಕೆಳಗೆ, ಕೆಲವೊಮ್ಮೆ ಒಲೆಯ ಮುಂದೆ ಲಟ್ಟಣಿಗೆಯ ಭಾರಕ್ಕೆ ಪುಟ ತೆರೆದುಕೊಂಡು ಬಿದ್ದಿರುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆ ವಾರಪತ್ರಿಕೆಯ ಧಾರಾವಾಹಿಯನ್ನು ಓದಿ ಬಿಸಾಡುವ ಪದ್ಧತಿ ಇರಲಿಲ್ಲ. ವಾರವಾರ ಆ ಹಾಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಕಥೆ ಮುಗಿದ ಮೇಲೆ ಬೈಂಡ್ ಹಾಕಿಸಿದರೆ ಮನೆಗೊಂದು ಕಾದಂಬರಿ. ಆಮೇಲೆ ಅದು ಓಣಿಯ ಐದಾರು ಮನೆ ಸುತ್ತಿ, ಒಗ್ಗರಣೆಯ ವಾಸನೆ ಹೊತ್ತುಕೊಂಡು ವಾಪಸ್ಸು ಬರುತ್ತಿತ್ತು. ಗಿರಿಜಾ ಒಂದು ವರ್ಷ ಪೂರ್ತಿ ಹೀಗೆ ಒಂದು ಸಂಸಾರದ ಕಥೆಯನ್ನು ಟ್ರಂಕಿನಲ್ಲಿ ಕೂಡಿಟ್ಟಳು. ಐವತ್ತೆರಡು ಕಂತು. ನಾನು ಆ ಟ್ರಂಕಿಗೆ ಕಣ್ಣೀರಿನ ಕೊಪ್ಪರಿಗೆ ಎಂದು ಹೆಸರಿಟ್ಟಿದ್ದೆ. ಅವಳು ನಗಲಿಲ್ಲ, ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಅನುಮಾನವಿತ್ತು.

ಕಥೆ ಮುಗಿಯಿತು. ಹಾಳೆಗಳನ್ನು ಒಂದು ಹಳೆಯ ಕುಬುಸದ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. "ಬೈಂಡಿಂಗ್ ಕೊಟ್ರಪ್ಪಗ ಕೊಟ್ಟು ಬರ್ರಿ. ಹುಷಾರು. ನಾ ಮಾಡಿದ ಪುಸ್ತಕ ಇದೊಂದ."

ಅವಳು ತಮಾಷೆಗೆ ಹೇಳಿದ್ದಲ್ಲ. ಆದರೆ ಆ ಗಂಟಿನಲ್ಲಿ ಐವತ್ತೊಂದೇ ಕಂತು ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಡೆದದ್ದು ಇಷ್ಟು. ಚಳಿಗಾಲದಲ್ಲಿ ಅವಳು ಹದಿನೈದು ದಿನ ತವರುಮನೆ ಹೊಳಲಿಗೆ ಹೋಗಿದ್ದಳು. ಹೋಗುವಾಗ, ಪತ್ರಿಕೆ ಬಂದರೆ ಕಂತು ಕತ್ತರಿಸಿ ಟ್ರಂಕಿನಲ್ಲಿಡಿ ಎಂದು ಎರಡೆರಡು ಸಲ ಹೇಳಿದ್ದಳು. ಒಂದನ್ನು ಇಟ್ಟೆ. ಇನ್ನೊಂದು ಬಂದ ದಿನ ಕೂಡ್ಲಿಗಿಯಿಂದ ಇಬ್ಬರು ಸಾಹಿತ್ಯಮಿತ್ರರು ಬಂದಿದ್ದರು. ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತರಿಸಿದೆ. ಮಿರ್ಚಿಯಲ್ಲಿ ಎಣ್ಣೆ ಜಾಸ್ತಿಯಿತ್ತು, ಕೈಗೆ ಸಿಕ್ಕಿದ ಪತ್ರಿಕೆಯ ಹಾಳೆ ಹರಿದು ಹಾಸಿದೆ. ಜನಪ್ರಿಯ ಸಾಹಿತ್ಯದಿಂದ ಓದುಗರ ಅಭಿರುಚಿ ಹೇಗೆ ಕೆಡುತ್ತಿದೆ ಎಂದು ಮೂವರೂ ಎರಡು ತಾಸು ಮಾತಾಡಿದೆವು. ಅಷ್ಟರಲ್ಲಿ ಮೂವತ್ತೊಂದನೆಯ ಕಂತು ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ತವರಿಗೂ ಅದೇ ಪತ್ರಿಕೆ ಬರುತ್ತಿದ್ದುದರಿಂದ ಗಿರಿಜಾ ಆ ಕಂತನ್ನು ಹೊಳಲಿನಲ್ಲೇ ಓದಿಕೊಂಡು ಬಂದಿದ್ದಳು, ಹಾಗಾಗಿ ಟ್ರಂಕಿನಲ್ಲಿ ಅದನ್ನು ಹುಡುಕಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕೊಟ್ರಪ್ಪ ಮೂವತ್ತು ವರ್ಷದಿಂದ ಪುಸ್ತಕ ಹೊಲಿಯುವವನು. ಯಾರ ಮನೆಯಲ್ಲಿ ಯಾರು ಏನು ಓದುತ್ತಾರೆಂಬುದು ಅವನಿಗೆ ಬಾಯಿಪಾಠ. ಪುರಾಣದ ಪುಸ್ತಕ ಬಂದರೆ ಹಾಳೆಗಳ ನಡುವಿನಿಂದ ವಿಭೂತಿ ಉದುರುತ್ತದಂತೆ, ಪತ್ತೇದಾರಿಗಳ ಕೊನೆಯ ಹಾಳೆ ಮೊದಲು ಸವೆಯುತ್ತದಂತೆ, ಅಡುಗೆಯ ಪುಸ್ತಕದಲ್ಲಿ ಉಪ್ಪಿನಕಾಯಿಯ ಪುಟ ಗುರುತಿಸಲು ಓದಲೇಬೇಕಾಗಿಲ್ಲವಂತೆ. "ಮತ್ತೆ ವಿಮರ್ಶೆ?" ಎಂದು ಆಸೆಯಿಂದ ಕೇಳಿದೆ. ಅವು ಹರಿದು ತನ್ನ ಹತ್ತಿರ ಬಂದದ್ದು ನೆನಪಿಲ್ಲವೆಂದು ಮರ್ಯಾದೆಯಿಂದಲೇ ಹೇಳಿದ.

ಗಂಟು ಬಿಚ್ಚಿ ಒಂದೊಂದೇ ಕಂತು ಎಣಿಸುತ್ತ ಹೋದವನ ಕೈ ನಿಂತಿತು. ಮೂವತ್ತೊಂದು ಇಲ್ಲ ಎಂದ. ಹಾಗೇ ಹೊಲಿದುಬಿಡು ಮಾರಾಯ, ಇಂಥ ಕಥೆಯಲ್ಲಿ ಒಂದು ಕಂತು ಹೋದರೆ ಯಾರಿಗೆ ತಿಳಿಯುತ್ತದೆ ಎಂದೆ. ಅವನು ದಬ್ಬಣ ಕೆಳಗಿಟ್ಟ.

"ಮೂವತ್ತರಾಗ ಆಕಿ ಏಳು ವರ್ಷ ಆದಮ್ಯಾಲ ಗಂಡನ ಊರಾಗ ಬಸ್ ಇಳಿದಾಳ. ಮೂವತ್ತೆರಡರಾಗ ಅದ ಮನ್ಯಾಗ ರೊಟ್ಟಿ ಬಡಿಯಾಕತ್ತಾಳ. ನಡುವ ಆಕಿನ್ನ ಒಳಗ ಹೆಂಗ ಕರಕೊಂಡ್ರು, ಅದನ್ನ ಬಿಟ್ಟು ಹೆಂಗ ಹೊಲೀಲ್ರಿ ಮಾಸ್ತರ್ರ? ಯಾರ ಪುಸ್ತಕ ಬಂದ್ರೂ ನಾ ಹೊಲಿಯೋದಕ್ಕಿಂತ ಮೊದಲು ಓದ್ತೀನ್ರಿ."

ಹೊಳಲಿಗೆ ಹೋಗಿ ಮಾವನವರನ್ನು ಕೇಳುವುದೆಂದರೆ ನಾನೇ ಠಾಣೆಗೆ ಹೋಗಿ ಶರಣಾದಂತೆ. ಕೊನೆಗೆ ಕೊಟ್ರಪ್ಪನೇ ದಾರಿ ತೋರಿಸಿದ. ಹಗರಿಬೊಮ್ಮನಹಳ್ಳಿಯಲ್ಲಿ ಮಾಬುಸಾಬ್ ಎಂಬ ಸೈಕಲ್ ಮೆಕ್ಯಾನಿಕ್ ಇದ್ದಾನೆ, ಪತ್ತೇದಾರಿ ಕಥೆಗಾಗಿ ಅದೇ ಪತ್ರಿಕೆ ತರಿಸುತ್ತಾನೆ, ಆರು ತಿಂಗಳಿಗೊಮ್ಮೆ ಇಡೀ ಸಂಚಿಕೆಗಳನ್ನೇ ತನ್ನಿಂದ ಬೈಂಡ್ ಹಾಕಿಸಿಕೊಂಡು ಹೋಗುತ್ತಾನೆ ಎಂದ.

ಭಾನುವಾರ ಶಾಲೆಯ ಕೆಲಸವೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಮಾಬುಸಾಬ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಏಳುವುದನ್ನೇ ನೋಡುತ್ತಿದ್ದ. ವಿಷಯ ಕೇಳಿ ಕೈ ಒರೆಸಿಕೊಂಡು, ದಪ್ಪ ಸಂಪುಟ ತಂದು ತೊಡೆಯ ಮೇಲಿಟ್ಟುಕೊಂಡ. ಕಂತು ಮೂರು ಪುಟ, ನಾಲ್ಕನೆಯ ಪುಟದಲ್ಲಿ ಅವನ ಕಥೆ ಶುರುವಾಗುತ್ತಿತ್ತು.

"ಹಾಳಿ ಹರಕೊಡು ಅಂದ್ರ ಹೆಂಗ್ರಿ? ಹಿಂದಿನ ಮಗ್ಗಲಕ್ಕ ನನ್ನ ಪತ್ತೇದಾರ ಅದಾನ."

ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ, ಸಂಜೆಗೆ ಬಂದರೆ ಬಂತು. ಪುಸ್ತಕ ಮಾತ್ರ ತನ್ನ ಅಂಗಡಿ ದಾಟುವುದಿಲ್ಲವೆಂದು ಅವನು ಖಡಾಖಂಡಿತವಾಗಿ ಹೇಳಿದ. ಇಲ್ಲೇ ಕೂತು ಬರೆದುಕೊಳ್ಳಿ ಎಂದು ಸ್ಟೂಲು ಕೊಟ್ಟ. ಇಷ್ಟು ಓದುವವನಿಗೆ ಒಳ್ಳೆಯ ಸಾಹಿತ್ಯದ ದಾರಿ ತೋರಿಸೋಣವೆಂದು, ಈ ಪತ್ತೇದಾರಿಯಲ್ಲಿ ಏನಿದೆ ಎಂದು ಕೇಳಿಯೇಬಿಟ್ಟೆ. ಅವನು ಬೋಗುಣಿಯ ಕಡೆ ಬೆರಳು ತೋರಿಸಿದ. ದಿನವಿಡೀ ತೂತು ಎಲ್ಲಿದೆಯೆಂದು ಹುಡುಕುವುದೇ ತನ್ನ ಕೆಲಸ, ಪತ್ತೇದಾರನದೂ ಅದೇ ಕೆಲಸ, ಆದರೆ ಅವನಿಗೆ ಕೈ ಕೊಳೆಯಾಗುವುದಿಲ್ಲ, ಅದಕ್ಕೇ ಓದಲು ಖುಷಿ ಎಂದ. ನಾನು ಸ್ಟೂಲು ಎಳೆದುಕೊಂಡು ಪೆನ್ನು ತೆಗೆದೆ.

ಬರೆಯತೊಡಗಿದೆ. ಮೊದಲ ಪುಟ ಶಿಕ್ಷೆಯ ಹಾಗೆ ಬರೆದೆ. ಎರಡನೆಯದರಲ್ಲಿ ಆ ಹೆಂಗಸು ಮನೆಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಗಂಡ, ಅತ್ತೆ, ಯಾರೂ ಮಾತಾಡುವುದಿಲ್ಲ. ನನ್ನ ಪೆನ್ನು ಅಲ್ಲೇ ನಿಂತಿತು, ಓದು ಮುಂದೆ ಓಡಿತು. ಬಯ್ಯುತ್ತಾರೋ, ಕರೆಯುತ್ತಾರೋ ಎಂದು ನಿಜವಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಹೊಸ್ತಿಲಲ್ಲಿ ಕೂತು "ಒಂದು ಲೋಟ ನೀರು ಕೊಡಿ" ಎಂದಳು. ಅತ್ತೆ ಎದ್ದು ನೀರು ತಂದಳು. ಅಷ್ಟೇ. ನನ್ನ ಕಣ್ಣು ಮಂಜಾಯಿತು. ಪಂಕ್ಚರ್ ಸಲ್ಯೂಷನ್ನಿನ ಘಾಟು ಎಂದು ಮಾಬುಸಾಬನಿಗೆ ಹೇಳಿದೆ. ವರ್ಷವಿಡೀ ಗಿರಿಜಾ ಇಂಥದ್ದನ್ನು ಓದುವಾಗ ನಾನು ಗೇಲಿ ಮಾಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಇಲ್ಲಿಗೆ ಬಿಟ್ಟಿದ್ದರೆ ನಾನು ಉದ್ಧಾರವಾಗುತ್ತಿದ್ದೆ. ಆದರೆ ಮೇಷ್ಟ್ರ ಬುದ್ಧಿ ಎಲ್ಲಿ ಹೋಗಬೇಕು? ಇಂಥ ಗಳಿಗೆಯಲ್ಲಿ ನಾಯಕಿ ಬರೀ ನೀರು ಕೇಳುವುದೇ? ನಕಲು ಮಾಡುತ್ತಲೇ ಅವಳ ಬಾಯಿಗೆ ನಾಲ್ಕು ಮಾತು ಹಾಕಿದೆ. ನಾಲ್ಕು ಹೋಗಿ ಒಂದೂವರೆ ಪುಟವಾಯಿತು. ಹೆಣ್ಣಿನ ಸಹನೆ, ಭೂಮಿಯ ಸಹನೆ, ಕಾಲಚಕ್ರ, ಎಲ್ಲವೂ ಬಂದವು. ಅತ್ತೆಗೂ ಒಂದು ಉತ್ತರ ಕೊಟ್ಟೆ, ಪಾಪ, ಅವಳೇಕೆ ಸುಮ್ಮನಿರಬೇಕು. ಕೊಟ್ರಪ್ಪ ಆ ಹಾಳೆಗಳನ್ನು ಎರಡು ಸಲ ಓದಿ, ದಬ್ಬಣ ಎತ್ತಿಕೊಂಡು ಹೊಲಿದ.

ಪುಸ್ತಕ ಮನೆಗೆ ಬಂತು, ಕೆಂಪು ಕ್ಯಾಲಿಕೋ ಬಟ್ಟೆಯ ಬೆನ್ನು. ಗಿರಿಜಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಒಂದು ಕಂತು ಗೆದ್ದಲು ತಿಂದಿತ್ತು, ನಾನೇ ಹುಡುಕಿ ಬರೆದು ಸೇರಿಸಿದೆ ಎಂದೆ. ಗೆದ್ದಲಿಗೂ ನಡುವಿನದೇ ರುಚಿ ಹತ್ತಿತೇನು ಎಂದಳಷ್ಟೆ. ಮೂರು ದಿನ ಬಿಟ್ಟು, ಕಾಳು ಆರಿಸುತ್ತ ಕೂತವಳು ತಲೆ ಎತ್ತದೆಯೇ ಹೇಳಿದಳು:

"ಆಕಿ ಬರೇ ನೀರು ಕೇಳಿದ್ಲು. ಅಷ್ಟಕ್ಕ ನಾ ಹೊಳಲಿನಾಗ ಎಷ್ಟೊತ್ತು ಅತ್ತಿದ್ದೆ ಗೊತ್ತೇನ್ರಿ? ನೀವು ಆಕಿ ಬಾಯಾಗ ಭಾಷಣ ಇಟ್ಟೀರಿ."

ಮಿರ್ಚಿಯ ಕಥೆಯನ್ನೂ ಅಂದೇ ಒಪ್ಪಿಕೊಂಡೆ. ಅವಳು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಪುಸ್ತಕ ಓಣಿ ಸುತ್ತಲು ಹೋಯಿತು, ಎರಡು ತಿಂಗಳ ನಂತರ ಅಂಚು ನಲುಗಿ, ಅರಿಶಿನದ ಬೆರಳು ಮೂಡಿಸಿಕೊಂಡು ಬಂತು. ನಾನು ಕದ್ದು ನೋಡಿದೆ. ಎಲ್ಲಾ ಕಂತುಗಳೂ ಕೈತಾಗಿ ಮಾಸಿದ್ದವು. ನನ್ನ ಕಂತು ಮಾತ್ರ ಹೊಸದರಂತಿತ್ತು. ಅದರ ತಲೆಯ ಮೇಲೆ ಗಿರಿಜಾಳ ದುಂಡು ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಒಂದು ಸಾಲು: "ಇಲ್ಲಿ ಅತ್ತೆ ನೀರು ಕೊಟ್ಟು ಒಳಗೆ ಕರೆದುಕೊಂಡಳು. ಇದನ್ನು ಬಿಟ್ಟು ಮುಂದೆ ಓದಿ."

ನನ್ನ ಬರವಣಿಗೆ ಒಂದು ಪುಸ್ತಕದೊಳಗೆ ಸೇರಿದ್ದು ಅದೊಂದೇ ಸಲ. ಅದಕ್ಕೆ ಬಂದ ವಿಮರ್ಶೆಯೂ ಅದೊಂದೇ. ಬೀರುವಿನಲ್ಲಿರುವ ಯಾವ ದಪ್ಪ ಸಂಪುಟದಲ್ಲೂ ಅಷ್ಟು ನಿಖರವಾದ ವಿಮರ್ಶೆಯನ್ನು ನಾನು ಓದಿಲ್ಲ.