ನಳಿಗೆಯೊಳಗಿನ ಅರ್ಧ ಇಂಚು

"ನಾಳೆ ಪಂದ್ಯದಲ್ಲಿ ನನ್ನ ಕೋವಿಗೆ ಮಸಿ ಕಟ್ಟಿದರೆ ಇನ್ನು ಕತ್ತರಿ ಮುಟ್ಟೋದಿಲ್ಲ!" ಶನಿವಾರ ಬೆಳ್ಳಂಬೆಳಗ್ಗೆ ಟೈಲರ್ ಮಹಾಶಯರು ಘೋರ ಪ್ರತಿಜ್ಞೆ ಮಾಡಿಬಿಟ್ಟರು.

"ಮತ್ತೆ ಹೊಟ್ಟೆಗೇನು ಮಾಡ್ತೀರಿ?" ಎಂದಳು ಹೆಂಡತಿ.

ಕೋವಿ ಮಾವನವರು ಕೊಟ್ಟದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಗಜವೆಂಬ ಉದ್ದನೆ ಸರಳಿನಿಂದ ಒಳಗೆ ತಳ್ಳುವ ಹಳೇ ಕಾಲದ ಕೋವಿ. ಹಾರಿಸಿದಷ್ಟೂ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಹೋದ ವರ್ಷದ ಪಂದ್ಯದಲ್ಲಿ ನಾಲ್ಕನೇ ಗುಂಡು ಅರ್ಧ ದಾರಿಯಲ್ಲೇ ಕೂತು, ಮಾವನವರ ಮಾನವನ್ನೂ ಅಲ್ಲೇ ಕೂರಿಸಿತ್ತು. "ಇನ್ನೊಂದ್ಸಲ ಹೀಗಾದ್ರೆ ಕೋವಿ ನಿಮ್ಮ ಷಡ್ಡಕನಿಗೆ" ಎಂದಿದ್ದರು ಅವರು. ಷಡ್ಡಕನಿಗೆ! ಮನೆ ಹೋದರೂ ಸರಿ, ಆ ಕೋವಿ ಅವನ ಕೈಸೇರಬಾರದು!

ಉಪಾಯವೇನೋ ಸಿಕ್ಕಿತ್ತು. ಕಬ್ಬಿಣದ ಬಾಣಲೆ ಪಳಗಿಸಿದಂತೆ ನಳಿಗೆಯನ್ನೂ ಪಳಗಿಸುವುದು. ಕುದಿನೀರಲ್ಲಿ ತೊಳೆದು, ಒಣಗಿಸಿ, ಬಿಸಿಯಿರುವಾಗಲೇ ಜೇನುಮೇಣ ಕರಗಿಸಿದ ಎಣ್ಣೆ ಉಜ್ಜಿದರೆ ಮಸಿ ಗಟ್ಟಿಯಾಗಿ ಅಂಟುವುದಿಲ್ಲ.

"ಉಜ್ಜೋ ಬಟ್ಟೆ ನಾನು ಕತ್ತರಿಸ್ಲಾ?"

"ಟೈಲರ್ ಮನೆಯಲ್ಲಿ ಬಟ್ಟೆ ಕತ್ತರಿಸೋಕೆ ನೀನಾ!"

ಕಚಕ್ ಎಂದು ಬಟ್ಟೆ ಕತ್ತರಿಸಿ, ಗಜಕ್ಕೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ತಳ್ಳಿದರು. ತಳ್ಳಿದರು, ಮತ್ತೂ ತಳ್ಳಿದರು. ಬಟ್ಟೆ ತಳ ಮುಟ್ಟಿತು. ಎಳೆದರೆ ಗಜ ಮಾತ್ರ ಬಂತು! ಕೊಕ್ಕೆ ಹಾಕಿದರು, ದಾರಕ್ಕೆ ಸೂಜಿ ಕಟ್ಟಿ ಇಳಿಬಿಟ್ಟರು, ಕೊನೆಗೆ ಬೈದೂ ನೋಡಿದರು. ಬಟ್ಟೆ ಜಪ್ಪಯ್ಯ ಅನ್ನಲಿಲ್ಲ.

"ಎಷ್ಟಗಲ ಕತ್ತರಿಸಿದ್ರಿ?"

"ಅಳತೆಗೆ ಸರಿಯಾಗಿ! ಆಮೇಲೆ... ಸುತ್ತ ಅರ್ಧ ಇಂಚು ಹೆಚ್ಚು ಬಿಟ್ಟೆ."

"ಯಾಕೆ?"

"ಯಾಕೆ ಅಂದ್ರೆ? ಮುಂದೆ ಬಿಗಿಯಾದ್ರೆ ಬಿಚ್ಚೋಕೆ ಬೇಡ್ವಾ!"

"ಗಿರಾಕಿ ದಪ್ಪ ಆಗ್ತಾನೆ ಕಣ್ರೀ, ನಳಿಗೆ ದಪ್ಪ ಆಗುತ್ತಾ?"

ಅವಳು ಸೆರಗು ಸಿಕ್ಕಿಸಿ ಸೈಕಲ್ ಪಂಪು ತಂದಳು. ನಳಿಗೆಯ ಬುಡದಲ್ಲಿ ಕಿಡಿ ಹಾಯುವ ಸಣ್ಣ ಕಿಂಡಿಗೆ ಅದರ ಕೊಳವೆ ಒತ್ತಿಹಿಡಿದು, "ಹೊಡೀರಿ!" ಎಂದಳು. ಟೈಲರ್ ಮಹಾಶಯರು ಗಾಳಿ ಹೊಡೆದರು. ಹನ್ನೆರಡನೇ ಸಲಕ್ಕೆ ಫಟ್! ಎಣ್ಣೆಬಟ್ಟೆ ಹಾರಿ, ಆಗಷ್ಟೇ ಬಾಗಿಲಲ್ಲಿ ಕಾಲಿಟ್ಟ ಮಾವನವರ ಬಿಳಿ ಅಂಗಿಗೆ ಅಪ್ಪಳಿಸಿತು!

ಮಾವ ಅಂಗಿ ತೊಳೆಯಲು ಹಿತ್ತಲಿಗೆ ಹೋದರು. ಹೆಂಡತಿ ಹೊಸ ಬಟ್ಟೆ ಕತ್ತರಿಸಿ ಮೇಣದೆಣ್ಣೆ ಉಜ್ಜಿ, ಟಾರ್ಚು ಬಿಟ್ಟು, "ನೋಡಿ" ಎಂದಳು. ಟೈಲರ್ ಮಹಾಶಯರು ಬಗ್ಗಿ ನೋಡಿದರು. ಒಳಗೆ ಗುಂಡು ತಿರುಗಲೆಂದು ಕೊರೆದ ಸಣ್ಣ ಸಣ್ಣ ಗೀರುಗಳು ಒಂದೇ ಸಮನೆ ಸುತ್ತಿಕೊಂಡು ಆಳಕ್ಕೆ ಇಳಿದಿದ್ದವು, ಬೆಳಕೂ ಅವುಗಳ ಜೊತೆ ಸುತ್ತುತ್ತಿತ್ತು. ಇಪ್ಪತ್ತು ವರ್ಷ ಹೊಲಿದರೂ ಇಷ್ಟು ನೇರ್ಪಾದ ಕೆಲಸ ಅವರ ಕೈಯಿಂದ ಆಗಿರಲಿಲ್ಲ.

"ಯಾರು ಪಳಗಿಸಿದ್ದು?" ಎಂದರು ಹಿಂದಿರುಗಿದ ಮಾವ, ನಳಿಗೆಯೊಳಗೆ ಇಣುಕಿ.

'ನಾನೇ' ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ಹೆಂಡತಿಯ ಕಪ್ಪಾದ ಕೈ ನೋಡಿ, "ಇವಳೇ" ಎಂದರು.

"ಗೊತ್ತು ಅಳಿಯಂದಿರೇ. ಮದುವೆಗೆ ಮುಂಚೆ ಹತ್ತು ವರ್ಷ ಈ ಕೋವಿ ನೋಡ್ಕೊಂಡವಳು ಅವಳೇ. ಕೋವಿ ಷಡ್ಡಕನಿಗೂ ಬೇಡ, ನಿಮಗೂ ಬೇಡ. ನಾಳೆ ಅವಳೇ ಹೊಡೀಲಿ!"

"ಮೊದಲೇ ಹೇಳಬಾರದಿತ್ತೇನೇ?" ಎಂದು ಗೊಣಗಿದರು ಟೈಲರ್ ಮಹಾಶಯರು.

"ಕೇಳಿದ್ರಾ?"

ಸಂಜೆಯೊಳಗೆ ಅವರು ಹೆಂಡತಿಗೆ ಹೊಸ ಕೋಟು ಹೊಲಿದರು. ಈ ಸಲ ಬುದ್ಧಿ ಬಂದಿತ್ತು, ನೂಲಿನಷ್ಟೂ ಹೆಚ್ಚು ಬಿಡಲಿಲ್ಲ. ಭಾನುವಾರ ಹದಿನೈದು ಗುಂಡೂ ನಳಿಗೆಯಲ್ಲಿ ಸಲೀಸಾಗಿ ಇಳಿದವು. ಮೊದಲ ಬಹುಮಾನ! ಷಡ್ಡಕನೂ ಎದ್ದು ನಿಂತು ಚಪ್ಪಾಳೆ ಹೊಡೆದ.

ಹೆಂಡತಿ ಕಪ್ ಹಿಡಿದು ಓಡಿಬಂದಳು. "ರೀ, ಇದನ್ನ ಎತ್ತಿ ಹಿಡಿದೆ ನೋಡಿ, ಕಂಕುಳಲ್ಲಿ ಪರ್ ಅಂತು! ಅರ್ಧ ಇಂಚು ಬಿಚ್ಚಿಕೊಡಿ."

ಟೈಲರ್ ಮಹಾಶಯರು ತಲೆ ತಗ್ಗಿಸಿದರು.

"ಈ ಸಲ ಬಿಟ್ಟೇ ಇಲ್ಲ ಕಣೇ!"