ಕುಂಬಾರಕೊಪ್ಪಲಿನ ಫ್ರೀಜರ್ ಪೆಟ್ಟಿಗೆ, ಜರ್ಮನಿಯ ವಿಳಾಸ

ಮೈಸೂರಿನ ಸಣ್ಣಪುಟ್ಟ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಇದರಲ್ಲಿ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆದರೆ ಸಾವಿನ ಮನೆಯಲ್ಲಿ ತುಟಿ ಕಚ್ಚಿಕೊಂಡು ನಿಲ್ಲುವ ಗತಿ ಬಂದದ್ದು ಒಬ್ಬರೇ ಒಬ್ಬ ಗಿರಾಕಿಯಿಂದ.

ಬೋರ್ಡು

ಅವರು ಕುಂಬಾರಕೊಪ್ಪಲಿನವರು. ಪಕ್ಕದ ಹೆಬ್ಬಾಳದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ, ಹೆಣ ಕೆಡದ ಹಾಗೆ ಇಡುವ ಫ್ರೀಜರ್ ಪೆಟ್ಟಿಗೆಯನ್ನೂ ಒಂದು ಶವವಾಹನವನ್ನೂ ಕೊಂಡು ಬಾಡಿಗೆಗೆ ಬಿಡಲು ಶುರು ಮಾಡಿದ್ದರು. ಮನೆ ಮುಂದೆ ಬೋರ್ಡು ಹಾಕಿದರೆ ಬೀದಿಯವರು ಬಿಚ್ಚಿಸಿದರು. "ಬೆಳಿಗ್ಗೆ ಎದ್ದು ಅದರ ಮುಖ ನೋಡ್ಬೇಕಾ?" ಅಂದರಂತೆ. ಕೊನೆಗೆ ಪೆಟ್ಟಿಗೆ ಸಮೇತ ವ್ಯಾನನ್ನೂ ಹೂಟಗಳ್ಳಿಯ ಗೋಡೌನೊಂದರ ಹಿಂದೆ ಬಿಟ್ಟು ಬರಬೇಕಾಯಿತು.

"ಅದ್ಕೇ ವೆಬ್‌ಸೈಟ್ ಮಾಡ್ಕೊಡಿ. ಬೋರ್ಡು ಇಂಟರ್ನೆಟ್ಟಲ್ಲಿದ್ರೆ ಯಾರ್ ಬಿಚ್ಚುಸ್ತಾರೆ?" ಅಂದರು.

ಮಾಡಿಕೊಟ್ಟೆ. ಯಾರೂ ಬಿಚ್ಚಿಸಲಿಲ್ಲ. ಯಾರೂ ನೋಡಲೂ ಇಲ್ಲ.

ಒಂದೇ ಫೋನು

ಎರಡು ತಿಂಗಳಲ್ಲಿ ಬಂದದ್ದು ಒಂದೇ ಕರೆ, ಅದೂ ಹೊರದೇಶದ್ದು. ನಾನು ಅಲ್ಲೇ ಕೂತಿದ್ದೆ. ಆ ಕಡೆ ಯಾರೋ ಹೆಂಗಸು ಗೊತ್ತಿಲ್ಲದ ಭಾಷೆಯಲ್ಲಿ ಒಂದೇ ಸಮ ಮಾತಾಡುತ್ತಿದ್ದಳು. ಇವರು ದನಿ ತಗ್ಗಿಸಿ, "ಸಮಾಧಾನ ಮಾಡ್ಕೊಳಿ ಕಣಮ್ಮ. ವಯಸ್ಸಾಗಿತ್ತಾ?" ಅಂತ ಕೇಳುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, "ಏರಿಯಾ ಯಾವ್ದು ಕೇಳ್ರೀ!" ಅಂದರು.

ಆಮೇಲೆ ಅವಳು ಕಳಿಸಿದ ಇಮೇಲ್ ಓದಿದೆ. ಜರ್ಮನಿಯಲ್ಲಿ ಫ್ರೀಜರ್ ಮಾರುವವಳು. ಪೆಟ್ಟಿಗೆಯ ಫೋಟೋ ನೋಡಿ, ಇವರದ್ದು ಅವಳ ಊರಿನ ಕಡೆಯ ಐಸ್‌ಕ್ರೀಮ್ ಅಂಗಡಿ ಅಂದುಕೊಂಡಿದ್ದಳು.

ಐಸು

ಏಪ್ರಿಲ್ ಬಿಸಿಲು. ಒಂದು ಬೆಳಿಗ್ಗೆ ನಮ್ಮ ಗಿರಾಕಿ ಫೋನ್ ಮಾಡಿ, "ಈಗ್ಲೇ ಬನ್ನಿ" ಅಂದರು. ಹೋದರೆ ಅವರ ಎದುರುಮನೆಯಲ್ಲೇ ಸಾವು. ಬಾಡಿಗೆಗೆ ಬಂದು ತಿಂಗಳಾಗದ ಸಂಸಾರ, ಇವರ ಕಸುಬು ಗೊತ್ತಿಲ್ಲ. ಹೋದವರು ಆ ಮನೆಯ ತಾಯಿ. ಕೆಳಗೆ ಐಸ್ ಗಡ್ಡೆ ಇಟ್ಟು ಮಲಗಿಸಿದ್ದರು. ಕರಗಿದ ನೀರು ಹೊಸ್ತಿಲು ದಾಟಿ ಬೀದಿಗೆ ಹರಿಯುತ್ತಿತ್ತು.

"ಮೊಬೈಲಲ್ಲಿ ಹುಡುಕಿದ್ವಿ ಸಾರ್," ಅಂದ ಆಕೆಯ ಮಗ. "ಬೆಂಗ್ಳೂರೋರ ಹೆಸ್ರೇ ಬಂತು. ಪೆಟ್ಟಿಗೆ ಇನ್ನೂ ದಾರೀಲಿದೆಯಂತೆ."

"ನಾನು ಎದುರುಗಡೆನೇ ಇದ್ನಲ್ಲಪ್ಪಾ," ಅಂದರು ನಮ್ಮ ಗಿರಾಕಿ. ವ್ಯಾನ್ ತರಲು ಹೂಟಗಳ್ಳಿಗೆ ಓಡಿದರು.

ತಪ್ಪು ನನ್ನದು. ಅಗ್ಗಕ್ಕೆ ಸಿಕ್ಕಿತೆಂದು ವೆಬ್‌ಸೈಟನ್ನು ಜರ್ಮನಿಯ ಸರ್ವರಿನಲ್ಲಿಟ್ಟಿದ್ದೆ, ವೆಬ್‌ಸೈಟ್ ಹೆಸರಿನ ಬಾಲವೂ ಆ ದೇಶದ '.de'. ಪುಟದಲ್ಲಿ 'ನಿಮ್ಮ ಊರಿನಲ್ಲೇ ಸೇವೆ' ಅಂತ ಬರೆದವನು ಯಾವ ಊರು ಅಂತ ಬರೆದಿರಲಿಲ್ಲ. ಹುಡುಕುವ ಯಂತ್ರ ಇವರನ್ನು ಜರ್ಮನಿಯವರೆಂದೇ ನಂಬಿತ್ತು. ಆ ಸಂಜೆ ಅವರೆದುರು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಬೈಯಲಿಲ್ಲ. "ಶ್ರೀರಂಗಪಟ್ಟಣ ದಾಟಿದೋನಲ್ಲ ನಾನು. ಕೂತಲ್ಲೇ ನನ್ನ ಫಾರಿನ್‌ಗೆ ಕಳಿಸ್ಬುಟ್ರಲ್ಲ ನೀವು," ಅಂದರು.

ಮೊದಲನೇ ಹೆಸರು

ಅದೇ ವಾರ ಎಲ್ಲ ಬದಲಿಸಿದೆ. ಸರ್ವರು ಮುಂಬಯಿಗೆ ಬಂತು, ಹೆಸರಿಗೆ ಭಾರತದ '.in' ಬಾಲ ಬಂತು, ಪುಟದ ತುಂಬ ಮೈಸೂರು, ಕುಂಬಾರಕೊಪ್ಪಲು, ಹೆಬ್ಬಾಳ ಅಂತ ಬರೆದೆ. ಕೆಲವು ವಾರ ಕಾದೆವು. ಕೊನೆಗೆ ಒಂದು ಮಧ್ಯಾಹ್ನ ಹೆಬ್ಬಾಳದಿಂದ ಹುಡುಗಿಯೊಬ್ಬಳು ಫೋನ್ ಮಾಡಿ, ಅಳುತ್ತಾ ವಿಳಾಸ ಹೇಳಿದಳು. ನಾನೂ ವ್ಯಾನು ಹತ್ತಿದೆ. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿಯುವುದಾದರೂ ನನ್ನಿಂದಾಗಲಿ ಅಂತ.

ಪೆಟ್ಟಿಗೆ ಹೊತ್ತು ನಡುಮನೆಗೆ ಬಂದೆವು. ಮಂಚದ ಮೇಲೆ ಮಲಗಿದ್ದ ತಾತ ಕಣ್ಣು ಬಿಟ್ಟ.

"ಡಾಕ್ಟ್ರು ಇವತ್ತು ದಾಟಲ್ಲ ಅಂದ್ರು... ಗಾಬರೀಲಿ ಮೊದ್ಲೇ ಫೋನ್ ಮಾಡ್ಬುಟ್ಟೆ," ಅಂದಳು ಹುಡುಗಿ, ಮೊಮ್ಮಗಳು.

ನಮ್ಮ ಗಿರಾಕಿ ತಡವರಿಸಿ, "ಫ್ರಿಜ್ ರಿಪೇರಿಯೋರು ಕಣಜ್ಜ," ಅಂದರು.

ತಾತ ಪೆಟ್ಟಿಗೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಮೊಮ್ಮಗಳ ಕಡೆ ತಿರುಗಿದ.

"ಎಲ್ ಸಿಕ್ಕುದ್ರವ್ವ ಇವ್ರು?"

"ಮೊಬೈಲಲ್ಲಿ ತಾತ... ಮೊದಲನೇ ಹೆಸ್ರೇ ಇವರ್ದು."

"ಮೊದ್ಲು ಸಿಕ್ದೋರ್ನೇ ಕರ್ಕೊಂಡ್ ಬಂದ್ಬುಡದಾ?" ಅಂದ ತಾತ, ಉಸಿರು ಎಳೆದುಕೊಳ್ಳುತ್ತಾ. "ಇನ್ನೂ ನಾಕ್ ಕಡೆ ವಿಚಾರ್ಸವ್ವ. ನಂಗೇನೂ ಅರ್ಜೆಂಟಿಲ್ಲ."