ಮುದಕವ್ವನ ಹೊಲದಲ್ಲಿ ದೊರೆತ ವಸ್ತುವಿನ ಗುರುತಿನ ಬಗ್ಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ನೆಲದಡಿ ಇರುವ ಲೋಹವೆಲ್ಲ ಸರ್ಕಾರದ್ದೆಂದೂ, ಅದು ಎಲ್ಲಿದೆಯೆಂಬುದು ಸರ್ಕಾರಕ್ಕೆ ಗೊತ್ತಿಲ್ಲವೆಂದೂ ೧೯೫೮ರಲ್ಲಿ ಅಧಿಕೃತವಾಗಿ ಒಪ್ಪಿಕೊಳ್ಳಲಾಯಿತು. ಆದಕಾರಣ ಭೂಗತ ಲೋಹ ಶೋಧನ ಕಚೇರಿಯನ್ನು ತೆರೆಯಲಾಯಿತು. ಅದು ನಾಲ್ಕೂ ತಾಲೂಕುಗಳಿಗೆ ಸಮಾನವಾಗಿ ಅನುಕೂಲವಾಗಿರಬೇಕೆಂಬ ನಿಯಮವಿತ್ತು. ಅಂಥ ಊರು ಸಿಗದ್ದರಿಂದ ನಾಲ್ಕಕ್ಕೂ ಸಮಾನವಾಗಿ ಅನನುಕೂಲವಾದ ಚಿಕ್ಕೇರೂರನ್ನು ಆರಿಸಲಾಯಿತು.

ಸವಣೂರಿನ ಜಯತೀರ್ಥರಾಯರು ಕಚೇರಿಯ ಅಧಿಕಾರಿ, ಉಡಚಪ್ಪ ಸಿಪಾಯಿ. ಇವರಲ್ಲದೆ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಕೊಟ್ಟ ಒಂದು ಯಂತ್ರವಿತ್ತು. ಉದ್ದನೆಯ ಕೋಲು, ಅದರ ತುದಿಗೆ ರೊಟ್ಟಿಯ ಹಂಚಿನಂಥ ತಟ್ಟೆ, ಕಿವಿಗೆ ಹಾಕಿಕೊಳ್ಳಲು ಎರಡು ಬಟ್ಟಲು. ಕೆಳಗೆ ಲೋಹವಿದ್ದರೆ ಕಿವಿಯಲ್ಲಿ ಕುಂಯ್ ಎನ್ನುತ್ತಿತ್ತು. ಮೊದಮೊದಲು ಅದು ಉಡಚಪ್ಪನ ಚಪ್ಪಲಿಯ ಮೊಳೆಗಳನ್ನೇ ಶೋಧಿಸುತ್ತಿದ್ದುದರಿಂದ ಅವನು ಬರಿಗಾಲಲ್ಲಿ ಕರ್ತವ್ಯ ನಿರ್ವಹಿಸಬೇಕೆಂದು ಆದೇಶ ಹೊರಟಿತು.

ಮರುವರ್ಷ ಮಳೆಗಾಲದ ಮುಂಚೆ ಯಂತ್ರವು ಮುದಕವ್ವ ಎಂಬ ವಿಧವೆಯ ಹೊಲದಲ್ಲಿ ಕೂಗಿತು. ಅಗೆದಾಗ ತೆಂಗಿನಕಾಯಿಗಿಂತ ದೊಡ್ಡದೂ ಕುಂಬಳಕಾಯಿಗಿಂತ ಚಿಕ್ಕದೂ ಆದ ಒಂದು ವಸ್ತು ದೊರೆಯಿತು. ಅದಕ್ಕೆ ಮೂರು ಕಿವಿಗಳಿದ್ದವು, ಒಂದು ತೂತಿತ್ತು, ತಳವಿರಲಿಲ್ಲ. ಉಡಚಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕಿದ. ವಸ್ತು ಹಾಗೇ ಇತ್ತು, ಅವನ ಕೈ ಬೆಳ್ಳಗಾಯಿತು.

ನಾಲ್ಕೂ ತಾಲೂಕುಗಳಿಗೆ ತಿಳಿವಳಿಕೆ ಪತ್ರ ಹೋಯಿತು. ಹಾನಗಲ್ಲದವರು ಅದು ಕದಂಬ ಅರಸನ ಕಿರೀಟವೆಂದರು. ಸವಣೂರಿನವರು ನವಾಬರ ತೋಪಿನ ಬಾಯಿಯೆಂದರು. ಶಿಗ್ಗಾಂವಿಯವರೂ ಹಿರೇಕೆರೂರಿನವರೂ ಏನೇ ಇದ್ದರೂ ತಮ್ಮದೆಂದರು. ಸಾಗಾಟದ ಖರ್ಚು ಹಕ್ಕುದಾರರದ್ದೇ ಎಂದು ರಾಯರು ತಿಳಿಸಿದ ಮೇಲೆ ಅದು ಯಾರದೂ ಅಲ್ಲವೆಂದು ಎಲ್ಲರೂ ಬರೆದರು.

ವಸ್ತುವಿನ ಗುರುತು ಸಿಗುವತನಕ ಹೊಲವನ್ನು ಉಳುವಂತಿರಲಿಲ್ಲ. ಮುದಕವ್ವ ಕಚೇರಿಗೆ ಬಂದಳು.

"ಸಾಹೇಬ್ರ, ರೋಹಿಣಿ ಮಳಿ ಆತು. ಎಲ್ಲಾರೂ ಬಿತ್ತಾಕತ್ತಾರ. ನನ್ನ ಹೊಲ ಯಾವಾಗ ಬಿಡ್ತೀರಿ?"

"ವಸ್ತು ಏನಂತ ಗೊತ್ತಾದ ದಿನ."

"ಚಕ್ಕಡಿಯಿಂದ ಬಿದ್ದಿರಬೇಕ್ರಿ. ನನ್ನ ಗಂಡಂದ ಇದ್ದೀತು."

"ಅಂದ್ರ ಸರ್ಕಾರಕ್ಕ ಹೇಳದ ಲೋಹ ಹೂತಿಟ್ಟಂಗಾತು. ಅದಕ್ಕ ದಂಡ ಅದ."

"ಹಂಗಾರ ನಂದಲ್ರಿ."

"ನಿಂದಲ್ಲ ಅಂದ್ರ ಹಳೇ ಕಾಲದ್ದು. ಹಳೇ ಕಾಲದ್ದು ಸಿಕ್ಕ ಹೊಲ ಬಿಡೂ ಹಂಗಿಲ್ಲ."

ಮುದಕವ್ವ ಕಂಬಕ್ಕೆ ಒರಗಿ ಕೂತಳು. ಬರುವಾಗ ದಾರಿಯುದ್ದಕ್ಕೂ ಮಂದಿ ಕೂರಿಗೆಯಲ್ಲಿ ಬಿತ್ತುವುದನ್ನು ನೋಡುತ್ತ ಬಂದಿದ್ದಳು; ಅವಳ ಬೀಜದ ಜೋಳ ಇನ್ನೂ ನೆಲದೊಳಗಿನ ಹಗೇವಿನಲ್ಲೇ ಇತ್ತು. ಕಡೆಗೆ, "ನಂದೂ ಅಲ್ಲ, ಹಳೇದೂ ಅಲ್ಲ, ಅಂಥಾದ್ದು ಏನರ ಇರತೈತೇನ್ರಿ?" ಎಂದು ಕೇಳಿದಳು.

"ಅಂಥಾದ್ದು ಸರ್ಕಾರದ್ದ ಇರಬೇಕಾಗ್ತದ" ಎಂದರು ರಾಯರು. ಹೇಳಿದ ಮೇಲೆ ಅವರೇ ಎದ್ದು ಹೋಗಿ ವಸ್ತುವನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

ಕಾರಣವಿತ್ತು. ಲೆಕ್ಕ ತಪಾಸಣೆಗೆ ಮಹಮ್ಮದಗೌಸ ಸಾಹೇಬರು ಬರುವವರಿದ್ದರು. ಕಚೇರಿ ತೆರೆದಾಗ ಹೊತ್ತು ಬಾರಿಸಲು ಒಂದು ಕಂಚಿನ ಗಂಟೆಯನ್ನು ಖರೀದಿಸಲಾಗಿತ್ತು. ಪಾವತಿ ಚೀಟಿ ಇತ್ತು, ಗಂಟೆ ಇರಲಿಲ್ಲ. ಅದರ ಹಣವು ಗಂಟೆಗಿಂತ ಬಹಳ ಚಿಕ್ಕದಾದ, ಆದರೆ ಹೆಚ್ಚು ಹೊಳೆಯುವ ವಸ್ತುವಾಗಿ ರಾಯರ ಪತ್ನಿ ತುಳಸಾಬಾಯಿಯವರ ಮೂಗಿನಲ್ಲಿತ್ತು.

ಅಂದು ಮಧ್ಯಾಹ್ನವೇ ವಸ್ತುವಿನ ಗುರುತು ಸಿಕ್ಕಿತು. ಅದು ಕಚೇರಿಯ ಗಂಟೆ.

ಮುದಕವ್ವ ಹೆದರಿದಳು. "ಕಚೇರಿ ಗಂಟಿ ನನ್ನ ಹೊಲದಾಗ ಸಿಕ್ತು ಅಂದ್ರ ಪೊಲೀಸ್ರು ನನ್ನ ಒಯ್ತಾರ್ರಿ."

ರಾಯರು ಅದನ್ನೂ ಯೋಚಿಸಿದ್ದರು. ಪಂಚನಾಮೆ ಬರೆಸಿ ಓದಿ ಹೇಳಿದರು: ಸದರಿ ಗಂಟೆಯು ಕಳೆದ ಮಳೆಗಾಲದಲ್ಲಿ ಕಚೇರಿಯ ತೊಲೆಯಿಂದ ಬಿದ್ದು, ಎರೆಮಣ್ಣಾದ್ದರಿಂದ ಸ್ವಂತ ಭಾರಕ್ಕೆ ಹುಗಿದು, ಭೂಮಿಯೊಳಗಿಂದಲೇ ಒಂದು ಮೈಲು ಸರಿದು ಮುದಕವ್ವನ ಹೊಲವನ್ನು ತಲುಪಿರುತ್ತದೆ. ಇದರಲ್ಲಿ ಹೊಲದ ಕೈವಾಡವಿರುವುದಿಲ್ಲ.

"ಗಂಟಿ ಮೈಲು ದೂರ ಬಂತಂತೀರಿ?"

"ಎರಿ ಭೂಮಿ ಅದವಾ."

"ಬಂದಿರಬೇಕ ಬಿಡ್ರಿ" ಎಂದು ಮುದಕವ್ವ ಹೆಬ್ಬೆಟ್ಟು ಒತ್ತಿದಳು. ಅಂದು ಸಂಜೆಯೇ ಅವಳು ಹೊಲದಲ್ಲಿ ಕೂರಿಗೆ ಹೂಡಿಸಿದಳು.

ಮಹಮ್ಮದಗೌಸ ಸಾಹೇಬರು ಬಂದರು. ತೊಲೆಗೆ ತೂಗಿದ ವಸ್ತುವನ್ನು ಸುತ್ತ ನೋಡಿ ಕೊಡತಿಯಿಂದ ಹೊಡೆದರು. ಅದು ದಪ್ ಎಂದಿತು.

"ಆವಾಜ಼ ಇಲ್ಲಲ್ರಿ?"

"ಆವಾಜ಼ ಇರಬೇಕಂತ ಖರೀದಿ ಹುಕುಮಿನ್ಯಾಗ ಬರದಿಲ್ರಿ" ಎಂದರು ರಾಯರು.

ಸಾಹೇಬರು ಹುಕುಮನ್ನು ತರಿಸಿ ನೋಡಿದರು. ಬರೆದಿರಲಿಲ್ಲ. ಅವರು ನಿಷ್ಠುರ ಮನುಷ್ಯರು, ಹಾಗೇ ಬಿಡಲಿಲ್ಲ. ಗಂಟೆ ಸರಿಯಾಗಿದೆಯೆಂದೂ, ನಾದ ಮಾತ್ರ ಕಡಿಮೆ ಬಿದ್ದಿದೆಯೆಂದೂ, ಕಡಿಮೆ ಬಿದ್ದ ನಾದವನ್ನು ಕಚೇರಿಯೇ ತುಂಬಿಕೊಡತಕ್ಕದ್ದೆಂದೂ ಷರಾ ಬರೆದು ಬಸ್ಸು ಹತ್ತಿದರು.

ಅದರಂತೆ ಉಡಚಪ್ಪನು ಪ್ರತಿ ತಾಸಿಗೆ ಕೊಡತಿಯನ್ನು ವಸ್ತುವಿಗೆ ಮುಟ್ಟಿಸಿ, ತನ್ನ ಬಾಯಿಂದ "ಢಣ್" ಎನ್ನತಕ್ಕದ್ದೆಂದು ಆಜ್ಞೆಯಾಯಿತು. ಕಂಚಿನ ಗಂಟೆ ಎಳೆಯುವುದಕ್ಕಿಂತ ಉದ್ದ ಎಳೆಯಬಾರದು; ಬಾರಿಸುವಾಗ ನಗಬಾರದು. ಇದಕ್ಕಾಗಿ ಹೆಚ್ಚಿನ ಭತ್ಯೆ ಕೇಳಿದಾಗ, ಬಾರಿಸುವುದು ಗಂಟೆಯೇ ಹೊರತು ಅವನಲ್ಲವೆಂದು ಉತ್ತರ ಬಂತು.

ದನಿ ಗಟ್ಟಿಯಾಗಿತ್ತು. ಊರವರು ಅದನ್ನೇ ಹಿಡಿದು ದನ ಬಿಡತೊಡಗಿದರು, ಎದುರಿನ ಸಾಲೆಯೂ ತನ್ನ ಗಂಟೆಯನ್ನು ಇಳಿಸಿಟ್ಟಿತು.

ಚಳಿಗಾಲದಲ್ಲಿ ಒಂದು ದಿನ ಉಡಚಪ್ಪನ ಗಂಟಲು ಕಟ್ಟಿತು. ನಾಲ್ಕನ್ನು ಹೇಗೋ ಬಾರಿಸಿದ. ಐದಕ್ಕೆ ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಐದು ಬಾರಿಸದೆ ಕಚೇರಿ ಮುಚ್ಚುವಂತಿರಲಿಲ್ಲ. ಹೊತ್ತು ಮುಳುಗಿತು. ರಾಯರು ಕಂದೀಲು ಹಚ್ಚಿಸಿ ಕೂತರು.

ಹೊಲದಿಂದ ಮೇವಿನ ಹೊರೆ ಹೊತ್ತು ಬರುತ್ತಿದ್ದ ಮುದಕವ್ವ ಬಾಗಿಲಲ್ಲಿ ನಿಂತಳು.

"ಯಾಕ್ರಿ, ಇನ್ನೂ ಮನೀಗೆ ಹೋಗಿಲ್ಲ?"

"ಇನ್ನೂ ಐದಾಗಿಲ್ಲವಾ."

ಮುದಕವ್ವ ಹೊರೆಯನ್ನು ಕಟ್ಟೆಗಿಳಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಟೆಯ ಹತ್ತಿರ ನಿಂತು, ನಗದೆ ಐದು ಸಲ "ಢಣ್" ಎಂದಳು.

ರಾಯರು ಟೊಪ್ಪಿಗೆ ಹಾಕಿಕೊಂಡು ಎದ್ದರು. ಎದುರಿನ ಸಾಲೆಯಲ್ಲಿ, ಕತ್ತಲಲ್ಲಿ, ಮಕ್ಕಳು ಪಾಟಿ ಎತ್ತಿಕೊಂಡು ಏಳುವ ಸದ್ದು ಕೇಳಿಸಿತು.